ಹಳೆಯ ಯುನೋಸ್ ರೋಡ್‌ಸ್ಟರ್: ತಗಡು ಮೊದಲು, ಎಂಜಿನ್ ಆಮೇಲೆ

ಹಳೆಯ ಸ್ಪೋರ್ಟ್ಸ್ ಕಾರು ನೋಡಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ, ಎಂಜಿನ್ ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟು ಕೇಳುತ್ತಾರೆ. ನಾನು ಮೊದಲು ನೆಲದ ಮೇಲೆ ಮಲಗುತ್ತೇನೆ. ಎಂಜಿನ್ ಕೆಟ್ಟರೆ ಇನ್ನೊಂದು ಎಂಜಿನ್ ಸಿಗುತ್ತದೆ, ಗೇರ್ ಬಾಕ್ಸ್ ಕೆಟ್ಟರೆ ಅದೂ ಸಿಗುತ್ತದೆ. ಬಾಡಿಯೇ ತುಕ್ಕು ಹಿಡಿದು ಕೂತಿದ್ದರೆ ಅದನ್ನು ಕತ್ತರಿಸಿ, ಹೊಸ ತಗಡು ಬೆಸೆದು, ಬಣ್ಣ ಹೊಡೆದು ಮುಗಿಸುವಷ್ಟರಲ್ಲಿ ಕಾರಿನ ಬೆಲೆಯನ್ನೂ ಮೀರಿ ಖರ್ಚಾಗಿರುತ್ತದೆ. ಇಂಗ್ಲೆಂಡಿನಲ್ಲಂತೂ ಈ ಮಾತು ಇನ್ನೂ ಖರೆ. ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪುನೀರು ಕಾರಿನ ಹೊಟ್ಟೆಯ ಸಂದಿಸಂದಿಗೂ ಹೋಗಿ ಕೂರುತ್ತದೆ. ಉಪ್ಪುಗಾಳಿಗೆ ಗೇಟು, ಕಿಟಕಿ ಸರಳು ಉದುರುವುದನ್ನು ಕಂಡಿರುವ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಇಲ್ಲಿಗೆ ಬರುವ ಮೊದಲು ಪೀಣ್ಯದ ಒಂದು ಶೀಟ್ ಮೆಟಲ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದೆ. ತಗಡು ಕತ್ತರಿಸುವುದು, ಬಗ್ಗಿಸುವುದು, ಬೆಸೆಯುವುದು ಅಲ್ಲೇ ಕೈಗೆ ಹತ್ತಿದ್ದು. ಹಾಗಾಗಿ ಸಿಲ್ (ಬಾಗಿಲ ಕೆಳಗಿನ ತಗಡಿನ ಪೆಟ್ಟಿಗೆ) ಸ್ವಲ್ಪ ಹೋಗಿರುವ ಕಾರನ್ನು ಗೊತ್ತಿದ್ದೇ ಕೊಂಡು, ನಾನೇ ರಿಪೇರಿ ಮಾಡಿದೆ. ಆ ಕೆಲಸದ ವಿವರ ಇದು.

ಯಾವ ಕಾರು, ಯಾಕೆ

ಕಾರು 1992ರ ಯುನೋಸ್ ರೋಡ್‌ಸ್ಟರ್. ಮಜ್ದಾ ಎಂಎಕ್ಸ್-5 ಅಂತ ಹೊರಗೆ ಹೆಸರಾದ ಕಾರಿಗೆ ಜಪಾನಿನಲ್ಲಿ ಇದ್ದ ಹೆಸರು ಅದು. 1989ರ ಫೆಬ್ರುವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಈ ಕಾರನ್ನು ಮೊದಲು ತೋರಿಸಿದರು. ಬ್ರಿಟಿಷರ ಎರಡು ಸೀಟಿನ ತೆರೆದ ಕಾರುಗಳು ಒಂದೊಂದಾಗಿ ನಿಂತುಹೋಗಿದ್ದ ಕಾಲ. ಅಂಥ ಕಾರು ನೀವೇ ಮಾಡಿ ಎಂದು ಬಾಬ್ ಹಾಲ್ ಎಂಬ ಅಮೆರಿಕದ ಮೋಟಾರು ಪತ್ರಕರ್ತ ಮಜ್ದಾದ ಕೆನಿಚಿ ಯಮಮೋಟೋ ಅವರಿಗೆ ಹೇಳಿದ್ದು 1979ರಲ್ಲಿ. ಕಾರು ರೂಪುಗೊಳ್ಳಲು ಹತ್ತು ವರ್ಷ ಹಿಡಿಯಿತು, ಆ ತಂಡವನ್ನು ಮುನ್ನಡೆಸಿದವರು ತೋಶಿಹಿಕೋ ಹಿರಾಯಿ. 1597 ಸಿಸಿ ಟ್ವಿನ್ ಕ್ಯಾಮ್ ಎಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್, ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ (ಚಕ್ರವನ್ನು ಮೇಲೂ ಕೆಳಗೂ ಹಿಡಿಯುವ ಜೋಡಿ ತೋಳಿನ) ಸಸ್ಪೆನ್ಷನ್, ತೂಕ ಸುಮಾರು 950 ಕೆಜಿ. ಶಕ್ತಿ 116 ಹಾರ್ಸ್ ಪವರ್ ಆಸುಪಾಸು. ಇವತ್ತಿನ ಲೆಕ್ಕಕ್ಕೆ ಅದೇನೂ ದೊಡ್ಡದಲ್ಲ, ಆದರೆ ಕಾರು ಹಗುರ ಇರುವುದರಿಂದ ತಿರುವಿನಲ್ಲಿ ಸ್ಟೇರಿಂಗ್ ಕೈಗೆ ಎಲ್ಲವನ್ನೂ ಹೇಳುತ್ತದೆ. ನನಗೆ ಬೇಕಿದ್ದದ್ದು ಅದೇ.

ಇನ್ನೊಂದು ಕಾರಣ ಬಿಡಿಭಾಗ. 2016ರ ಏಪ್ರಿಲ್‌ನಲ್ಲಿ ಈ ಸಾಲಿನ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂತು. ಅಷ್ಟು ಕಾರು ತಯಾರಾಗಿದ್ದರೆ ಆಯಿಲ್ ಸೀಲಿನಿಂದ ಹಿಡಿದು ಸಿಲ್‌ನ ತಗಡಿನವರೆಗೆ ಎಲ್ಲವನ್ನೂ ಯಾರಾದರೂ ಮಾಡಿ ಮಾರುತ್ತಿರುತ್ತಾರೆ. ಹಳೆಯ ಕಾರು ಇಟ್ಟುಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ವರ ಇಲ್ಲ. ಕಾರು ಎಷ್ಟು ಅಪರೂಪವೋ ಅಷ್ಟು ಕಷ್ಟ.

1998ರಲ್ಲಿ ಬಂದ ಎರಡನೇ ತಲೆಮಾರಿನ ಕಾರು ಇದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿತ್ತು. ಅದರಲ್ಲಿ ಮುಂದಿನ ಚಾಸಿ ರೈಲೇ (ಕಾರಿನ ತಳದ ತೊಲೆ) ಒಳಗಿನಿಂದ ತುಕ್ಕು ತಿನ್ನುವ ಖಾಯಿಲೆ ಇದೆ. ಸಸ್ಪೆನ್ಷನ್ ಹಿಡಿದುಕೊಂಡಿರುವ ಜಾಗ ಅದು, ಕೈಹಾಕಿದರೆ ಅರ್ಧ ಕಾರು ಬಿಚ್ಚಬೇಕು. ಮೊದಲ ತಲೆಮಾರಿಗೆ ಮುಖ್ಯ ಶತ್ರು ಸಿಲ್ ಒಂದೇ. ಎಲ್ಲಿ ಹೋಗುತ್ತದೆ ಅಂತ ಗೊತ್ತಿರುವ ತುಕ್ಕಿಗೆ ನಾನು ಹೆದರುವುದಿಲ್ಲ.

ಕಾಗದದ ಮೇಲೆ ಕಾರು ಓದುವುದು

ನಮ್ಮಲ್ಲಿ ಎಫ್‌ಸಿ ಮಾಡಿಸುವ ಹಾಗೆ ಇಲ್ಲಿ ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆ. ಕಾರಿನ ನಂಬರ್ ಹಾಕಿದರೆ ಸರ್ಕಾರದ ವೆಬ್‌ಸೈಟಿನಲ್ಲಿ ಆ ಕಾರಿನ 2005ರಿಂದ ಈಚಿನ ಪರೀಕ್ಷೆಗಳೆಲ್ಲ ಬಿಟ್ಟಿಯಾಗಿ ಕಾಣುತ್ತವೆ: ಯಾವ ವರ್ಷ ಪಾಸು, ಯಾವುದಕ್ಕೆ ಫೇಲು, ಮೀಟರ್ ಎಷ್ಟಿತ್ತು, ಪರೀಕ್ಷಕ ಎಚ್ಚರಿಕೆ ಅಂತ ಏನು ಬರೆದ. ಕಾರು ನೋಡಲು ಪೆಟ್ರೋಲ್ ಸುಡುವ ಮೊದಲು ಇದನ್ನು ಓದಬೇಕು. ಫೇಲಾದದ್ದಕ್ಕಿಂತ ಎಚ್ಚರಿಕೆಗಳ ಸಾಲನ್ನು ಗಮನವಿಟ್ಟು ಓದಿ.

ಒಂದು ಕೆಂಪು ಕಾರು ಫೋಟೋದಲ್ಲಿ ಮಿರಮಿರ ಮಿಂಚುತ್ತಿತ್ತು. ಎಂಒಟಿ ಓದಿದರೆ ಸಾಲಾಗಿ ಮೂರು ವರ್ಷ "ಹಿಂದಿನ ಸಿಲ್‌ಗೆ ತುಕ್ಕು, ಇನ್ನೂ ಬಲ ಹೋಗಿಲ್ಲ" ಎಂಬ ಎಚ್ಚರಿಕೆ, ನಾಲ್ಕನೇ ವರ್ಷ ಆ ಸಾಲೇ ಮಾಯ. ವೆಲ್ಡಿಂಗ್ ಮಾಡಿಸಿದ ಬಿಲ್ ಇದೆಯೇ ಎಂದು ಕೇಳಿದೆ, ಮಾರುವವರ ಹತ್ತಿರ ಇರಲಿಲ್ಲ. ಹೋಗಿ ನೋಡಿದರೆ ಸಿಲ್‌ನ ಕೆಳಗೆ ಬೆರಳು ದಪ್ಪ ಕಪ್ಪು ಡಾಂಬರಿನಂಥ ಅಂಡರ್‌ಸೀಲ್ ಬಳಿದಿತ್ತು. ಮ್ಯಾಗ್ನೆಟ್ ಇಟ್ಟರೆ ಕಚ್ಚಲಿಲ್ಲ, ಕೆಳಗಿದ್ದದ್ದು ಪುಟ್ಟಿ. ಮೇಲೆ ಥಳಕು, ಒಳಗೆ ಹುಳುಕು. ನಮಸ್ಕಾರ ಹೇಳಿ ಬಂದೆ. ತುಕ್ಕು ಹಿಡಿದ ಕಾರಿಗಿಂತ ತುಕ್ಕು ಮುಚ್ಚಿಟ್ಟ ಕಾರು ಕೆಟ್ಟದ್ದು. ಮುಚ್ಚಿದ ತಗಡಿನೊಳಗೆ ನೀರು ನಿಂತು ಎರಡರಷ್ಟು ವೇಗದಲ್ಲಿ ತಿನ್ನುತ್ತಿರುತ್ತದೆ.

ಕೊನೆಗೆ ಸಿಕ್ಕಿದ್ದು ಶ್ರಾಪ್‌ಶೈರ್ ಕಡೆಯ ಹಳ್ಳಿಯೊಂದರಲ್ಲಿ, ನೀಲಿ ಬಣ್ಣದ್ದು. ನಿವೃತ್ತ ಮೇಷ್ಟರೊಬ್ಬರು ವರ್ಷಗಟ್ಟಲೆ ಇಟ್ಟುಕೊಂಡಿದ್ದ ಕಾರು. ಎಡಗಡೆ ಸಿಲ್‌ನ ಹಿಂತುದಿಯಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಅವರೇ ತೋರಿಸಿ, "ಇದು ಈ ಸಲದ ಎಂಒಟಿಯಲ್ಲಿ ನಿಲ್ಲುವುದಿಲ್ಲ" ಎಂದರು. ನಾನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಬಹುದೇ ಎಂದು ಕೇಳಿ, ಮುಂದಿನಿಂದ ಹಿಂದಕ್ಕೆ ತಟ್ಟುತ್ತ ಬಂದೆ. ಗಟ್ಟಿ ತಗಡು ಟಣ್ ಟಣ್ ಅನ್ನುತ್ತದೆ. ಹಿಂದಿನ ಚಕ್ರಕ್ಕೆ ಒಂದು ಗೇಣು ಮೊದಲು ಸದ್ದು ಸತ್ತು ದಬ್ ದಬ್ ಅಂತಾಯಿತು. ಬಲಗಡೆ ಕೊನೆಯವರೆಗೂ ಟಣ್ ಅಂತಲೇ ಇತ್ತು. ಒಂದು ಕಡೆ ಕೆಲಸ ಇದೆ, ಇನ್ನೊಂದು ಕಡೆ ಉಳಿಸಿಕೊಳ್ಳಬಹುದು.

ಉಳಿದದ್ದನ್ನು ಬೇಗ ನೋಡಿ ಮುಗಿಸಿದೆ. ಚಾಸಿ ನಂಬರ್ ಎನ್‌ಎ6ಸಿಇ ಅಂತ ಶುರುವಾಗುತ್ತಿತ್ತು, ಜಪಾನಿನ 1.6 ಕಾರಿಗೆ ಸರಿ. ಬಾನೆಟ್‌ಗೆ ಮ್ಯಾಗ್ನೆಟ್ ಕಚ್ಚಬಾರದು, ಅದು ಅಲ್ಯೂಮಿನಿಯಂ. ಕಚ್ಚಲಿಲ್ಲ. ಜಪಾನಿನಿಂದ ಬಂದ ಕಾರಾದ್ದರಿಂದ ಮೀಟರನ್ನು ಕಿಲೋಮೀಟರಿನಿಂದ ಮೈಲಿಗೆ ಯಾವಾಗ ಬದಲಿಸಿದರು ಎಂಬ ಕಾಗದ ಕೇಳಿ ನೋಡಿದೆ. ಇಲ್ಲದಿದ್ದರೆ ಓಡಿದ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ. ಡಿಕ್ಕಿಯ ಮ್ಯಾಟ್ ಎತ್ತಿ ಬಲಮೂಲೆಯ ಬ್ಯಾಟರಿ ಕೆಳಗೆ ಕೈ ಆಡಿಸಿದೆ. ಈ ಕಾರಿಗೆ ಗಾಳಿಕೊಳವೆ ಇರುವ ಸಣ್ಣ ಬ್ಯಾಟರಿ ಬೇಕು. ಸಿಕ್ಕ ಬ್ಯಾಟರಿ ಕೂರಿಸಿದರೆ ಆಸಿಡ್ ಆವಿ ಡಿಕ್ಕಿಯ ತಗಡನ್ನು ತಿನ್ನುತ್ತದೆ.

ಎಂಜಿನ್‌ನಲ್ಲಿ ನೋಡಲೇಬೇಕಾದದ್ದು ಒಂದೇ: ಕ್ರ್ಯಾಂಕ್ ಪುಲ್ಲಿ, ಅಂದರೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಮುಂತುದಿಯ ಚಕ್ರ. 1991ರವರೆಗಿನ ಮೊದಮೊದಲ 1.6 ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮೂತಿ ಚಿಕ್ಕದು. ಅದರ ಕೀ ಕೂರುವ ತೋಡು ಸವೆದು ಪುಲ್ಲಿ ಅಲ್ಲಾಡಲು ಶುರುವಾದರೆ ಟೈಮಿಂಗೇ ಹೋಗುತ್ತದೆ, ಸರಿಯಾದ ರಿಪೇರಿ ಅಂದರೆ ಕ್ರ್ಯಾಂಕ್ ಬದಲಿಸುವುದೇ. ಪುಲ್ಲಿಯ ಮುಖದಲ್ಲಿ ನಾಲ್ಕು ಸೀಳು ಇದ್ದರೆ ಚಿಕ್ಕ ಮೂತಿ, ಎಂಟು ಇದ್ದರೆ ಉದ್ದ ಮೂತಿ. ಟಾರ್ಚ್ ಬಿಟ್ಟು ಎಣಿಸಿದೆ, ಎಂಟು. ಸಿಲ್ ಕೆಲಸದ ಖರ್ಚು ಕಳೆದು 2,400 ಪೌಂಡಿಗೆ ಮಾತು ಮುಗಿಯಿತು.

ನೀರು ಬರುವ ದಾರಿ

ಮನೆಗೆ ತಂದ ಮೇಲೆ ಗ್ರೈಂಡರ್ ಕೈಗೆತ್ತಿಕೊಳ್ಳುವ ಮೊದಲು, ಸಿಲ್‌ಗೆ ನೀರು ಎಲ್ಲಿಂದ ಬಂತು ಎಂದು ಹುಡುಕಿದೆ. ಈ ಕಾರಿನ ಬಟ್ಟೆ ಛಾವಣಿಯ ಮೇಲೆ ಬಿದ್ದ ಮಳೆ ಹಿಂದೆ ಹರಿದು, ಸೀಟುಗಳ ಹಿಂದೆ ಇರುವ ಒಂದು ಕಾಲುವೆಗೆ ಬೀಳುತ್ತದೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಕೊಳವೆ ಕೆಳಗಿಳಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬಿಡುತ್ತದೆ. ಮರದ ಕೆಳಗೆ ನಿಲ್ಲುವ ಕಾರಿನಲ್ಲಿ ಈ ಕೊಳವೆಗಳಿಗೆ ಎಲೆ, ಮಣ್ಣು, ಪಾಚಿ ಸೇರಿ ಕಟ್ಟಿಕೊಳ್ಳುತ್ತದೆ. ಆಮೇಲೆ ನೀರು ಉಕ್ಕಿ ಕಾರ್ಪೆಟ್ಟಿಗೂ ಸಿಲ್‌ನ ಪೆಟ್ಟಿಗೆಯೊಳಕ್ಕೂ ಇಳಿಯುತ್ತದೆ. ಹೊರಗೆ ಬಣ್ಣ ಗುಳ್ಳೆ ಏಳುವ ಹೊತ್ತಿಗೆ ಒಳಗೆ ವರ್ಷಗಳಿಂದ ತಿಂದಾಗಿರುತ್ತದೆ.

ಪರೀಕ್ಷೆ ಸುಲಭ. ಒಂದು ಜಗ್ ನೀರನ್ನು ಕಾಲುವೆಗೆ ನಿಧಾನ ಹುಯ್ದು ಚಕ್ರದ ಹತ್ತಿರ ನೋಡುವುದು. ಬಲಗಡೆ ತಡವಿಲ್ಲದೆ ಧಾರೆಯಾಗಿ ಬಿತ್ತು. ಎಡಗಡೆ ಏನೂ ಬರಲಿಲ್ಲ, ಕಾಲುವೆಯಲ್ಲೇ ನಿಂತಿತು. ಇಲ್ಲಿ ತಂತಿ ಹಾಕಿ ಚುಚ್ಚಬಾರದು. ಕೊಳವೆ ತೂತಾದರೆ ನೀರು ನೇರ ಸಿಲ್‌ನೊಳಕ್ಕೇ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ದಪ್ಪ ನೈಲಾನ್ ದಾರದ ತುದಿಯನ್ನು ದೀಪಕ್ಕೆ ಹಿಡಿದು ಉಂಡೆ ಮಾಡಿ, ಮೇಲಿನಿಂದ ತಿರುಗಿಸುತ್ತ ತಳ್ಳಿದೆ. ಮೊದಲು ಕಪ್ಪು ರಾಡಿ ತೊಟ್ಟಿಕ್ಕಿತು, ಆಮೇಲೆ ಕೊಳೆತ ಎಲೆಯ ಒಂದು ಮುದ್ದೆ ಜಾರಿ ನೆಲಕ್ಕೆ ಬಿತ್ತು, ಅದರ ಹಿಂದೆಯೇ ನಿಂತ ನೀರೆಲ್ಲ ಭರ್ರನೆ ಇಳಿಯಿತು. ಈ ಮಾದರಿಯ ಕಾರು ಇಟ್ಟುಕೊಂಡವರು ಬೇರೆ ಏನು ಬಿಟ್ಟರೂ ಶರತ್ಕಾಲದ ಎಲೆ ಉದುರಿದ ಮೇಲೊಮ್ಮೆ ಈ ಕೆಲಸ ಬಿಡಬಾರದು. ಕಾರಿನ ಆಯುಷ್ಯ ಈ ಎರಡು ಕೊಳವೆಯಲ್ಲಿದೆ ಎಂದೇ ನನ್ನ ನಂಬಿಕೆ.

ಸಿಲ್ ಕತ್ತರಿಸಿ ಬೆಸೆದದ್ದು

ಸಿಲ್ ಅಂದರೆ ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಓಡುವ ಟೊಳ್ಳು ಪೆಟ್ಟಿಗೆ. ಛಾವಣಿ ಇರುವ ಕಾರಿನಲ್ಲಿ ಮೇಲಿನ ತಗಡೂ ಬಾಡಿಯನ್ನು ಹಿಡಿದುಕೊಂಡಿರುತ್ತದೆ. ತೆರೆದ ಕಾರಿಗೆ ಸಿಲ್‌ಗಳೇ ತೊಲೆ. ಅದನ್ನು ಕತ್ತರಿಸಿದಾಗ ಕಾರು ನಡುವೆ ಬಾಗಿಬಿಟ್ಟರೆ, ಬಾಗಿದಂತೆಯೇ ಬೆಸೆದುಕೊಂಡರೆ, ಆಮೇಲೆ ಜನ್ಮಪೂರ್ತಿ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಹಾಗಾಗಿ ಮೊದಲು ಬಾಗಿಲಿನ ಸುತ್ತಲಿನ ಸಂದನ್ನು ಅಲ್ಲಲ್ಲಿ ಅಳೆದು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಅಲ್ಲೇ ಅಂಟಿಸಿದೆ. ಕಾರನ್ನು ಸಿಲ್ ಕೆಳಗೆ ಎತ್ತದೆ, ಮುಂದೆ ಕ್ರಾಸ್‌ಮೆಂಬರ್, ಹಿಂದೆ ಡಿಫರೆನ್ಷಿಯಲ್ ಕೆಳಗೆ ಜಾಕ್ ಕೊಟ್ಟು ಎತ್ತಿ, ಸಬ್‌ಫ್ರೇಮ್‌ಗಳ ಕೆಳಗೆ ಸ್ಟ್ಯಾಂಡ್ ಕೂರಿಸಿದೆ. ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಒಂದು ಚೌಕ ಪೈಪ್ ಬಿಗಿದೆ.

ಇನ್ನು ಬೆಂಕಿ. ಈ ಕಾರಿನ ಪೆಟ್ರೋಲ್ ಟ್ಯಾಂಕ್ ಸೀಟುಗಳ ಬೆನ್ನ ಹಿಂದೆ, ಡಿಕ್ಕಿಗೂ ಕ್ಯಾಬಿನ್‌ಗೂ ನಡುವೆ ಇದೆ. ಸಿಲ್‌ನ ಹಿಂತುದಿಯಿಂದ ದೂರವಿಲ್ಲ. ಸೀಟು, ಕಾರ್ಪೆಟ್, ಪ್ಲಾಸ್ಟಿಕ್ ಎಲ್ಲ ತೆಗೆದು, ವೆಲ್ಡಿಂಗ್ ಕಂಬಳಿ ಹೊದಿಸಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡೆ. ಬ್ಯಾಟರಿ ಬಿಚ್ಚಿ, ಆಲ್ಟರ್ನೇಟರ್ ಮತ್ತು ಎಂಜಿನ್ ಕಂಪ್ಯೂಟರಿನ (ಇಸಿಯು) ಕನೆಕ್ಟರ್‌ಗಳನ್ನೂ ಕಳಚಿದೆ. ಅರ್ತ್ ಕ್ಲ್ಯಾಂಪನ್ನು ಬೆಸೆಯುವ ಜಾಗಕ್ಕೆ ಆದಷ್ಟು ಹತ್ತಿರ ಕಚ್ಚಿಸಬೇಕು.

ಗುಳ್ಳೆ ಎದ್ದ ಜಾಗ ಅಂಗೈಯಗಲ ಇತ್ತು. ಫ್ಲಾಪ್ ಡಿಸ್ಕಿನಿಂದ ಬಣ್ಣ ಕೆರೆದಾಗ ಅದು ಎರಡರಷ್ಟಾಯಿತು. ಹೊರ ತಗಡನ್ನು ಕತ್ತರಿಸಿ ತೆಗೆದಾಗ ಒಳಗಿಂದ ಪುಡಿ ತುಕ್ಕು, ಒಣಗಿದ ಮಣ್ಣು ಸುರಿಯಿತು. ಈ ಪೆಟ್ಟಿಗೆಯಲ್ಲಿ ಹೊರ ತಗಡು, ಒಳ ತಗಡು, ನಡುವೆ ಬಲಕ್ಕೆ ಕೊಟ್ಟ ಇನ್ನೊಂದು ತಗಡು, ಹೀಗೆ ಮೂರು ಪದರ. ಹೊರಗಿನದು ಕಾಗದದಂತಾಗಿತ್ತು, ನಡುವಿನದರ ಕೆಳ ಅಂಚು ಹೋಗಿತ್ತು, ಒಳಗಿನದು ಕಪ್ಪಾಗಿದ್ದರೂ ಸುತ್ತಿಗೆಗೆ ಗಟ್ಟಿ ನಿಂತಿತು. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸುತ್ತ ಹೋಗಬೇಕು. ತುಕ್ಕಿನ ಅಂಚಿಗೆ ಹೊಸ ತಗಡು ಬೆಸೆಯಲು ಹೋದರೆ ಆರ್ಕ್ ತಾಗಿದ ಕೂಡಲೇ ತೂತು ಬೀಳುತ್ತದೆ, ತುಂಬಿದಷ್ಟೂ ತೂತು ದೊಡ್ಡದಾಗುತ್ತದೆ.

ಹೊರಗಿನ ಸಿಲ್‌ಗೆ ಸಿದ್ಧ ರಿಪೇರಿ ಪ್ಯಾನೆಲ್ ಸಿಗುತ್ತದೆ, ತರಿಸಿದೆ. ನಡುವಿನ ಪದರಕ್ಕೆ 1.2 ಮಿ.ಮೀ. ತಗಡಿನಲ್ಲಿ ನಾನೇ ತುಂಡು ಮಾಡಿದೆ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಇಟ್ಟು ನೋಡಿ, ಆಮೇಲೆ ತಗಡಿಗೆ ಗುರುತು ಹಾಕಿ, ವೈಸ್‌ನಲ್ಲಿ ಆಂಗಲ್ ಪಟ್ಟಿಗಳ ನಡುವೆ ಹಿಡಿದು ತಟ್ಟಿ ತಟ್ಟಿ ಅಂಚು ಮಡಿಸಿದೆ. ಪೀಣ್ಯದಲ್ಲಿ ಮಡಿಸುವ ಯಂತ್ರ ಇತ್ತು, ಇಲ್ಲಿ ಗ್ಯಾರೇಜಿನಲ್ಲಿ ಸುತ್ತಿಗೆಯೇ ಎಲ್ಲ. ಆದರೂ ಅಂಚು ನೇರ ಬಂತು, ಒತ್ತಿ ಹಿಡಿದರೆ ಬೆಳಕು ತೂರದಷ್ಟು ಕೂತಿತು. ಮುಚ್ಚಿಹೋಗುವ ಮೈಗೆಲ್ಲ ವೆಲ್ಡ್ ಮಾಡಬಹುದಾದ ಜಿಂಕ್ ಪ್ರೈಮರ್ ಹೊಡೆದೆ.

ಕಾನೂನಿನ ಮಾತು ಇಲ್ಲಿ ಬರುತ್ತದೆ. ಸಸ್ಪೆನ್ಷನ್, ಸೀಟ್ ಬೆಲ್ಟ್ ಮುಂತಾದವು ಕೂರುವ ಜಾಗದಿಂದ 30 ಸೆಂ.ಮೀ. ಒಳಗೆ ಮಾಡಿದ ರಿಪೇರಿಯನ್ನು ಎಂಒಟಿಯವರು ಕಟ್ಟುನಿಟ್ಟಾಗಿ ನೋಡುತ್ತಾರೆ. ತೇಪೆ ಹಾಕಿದರೆ ಅದರ ಸುತ್ತ ಬೆಸುಗೆ ಎಲ್ಲೂ ಕಡಿಯದೆ ಒಂದೇ ಗೆರೆಯಾಗಿ ಓಡಬೇಕು. ಅಲ್ಲೊಂದು ಇಲ್ಲೊಂದು ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿ ಮೇಲೆ ಸೀಲರ್ ಬಳಿದರೆ ನಡೆಯುವುದಿಲ್ಲ. ಆದರೆ ತೆಳು ತಗಡಿಗೆ ಒಂದೇ ಏಟಿಗೆ ಉದ್ದಕ್ಕೆ ಬೆಸೆದರೆ ಬಿಸಿಗೆ ತಗಡು ಡೊಂಕಾಗುತ್ತದೆ. ಹಾಗಾಗಿ ಬೆಸುಗೆಯ ವೈರ್ ತಾನೇ ಮುಂದೆ ಬರುವ ಮಿಗ್ ವೆಲ್ಡರಿನಲ್ಲಿ ಮೊದಲು ದೂರ ದೂರ ಟ್ಯಾಕ್, ಆಮೇಲೆ ಇಲ್ಲಿ ಒಂದು ಬೆರಳಗಲ, ಅಲ್ಲಿ ಒಂದು ಬೆರಳಗಲ, ಮುಟ್ಟಿ ನೋಡಿ ಬಿಸಿ ಆರಿದ ಮೇಲೆ ಮತ್ತೆ. ಕೊನೆಗೆ ಎಲ್ಲ ಕೂಡಿ ಒಂದೇ ಗೆರೆ. ಅವಸರ ಮಾಡುವವರಿಗೆ ಇದು ಬೇಸರದ ಕೆಲಸ. ನನಗೆ ಇಡೀ ರಿಪೇರಿಯಲ್ಲಿ ಅತಿ ಖುಷಿ ಕೊಟ್ಟದ್ದು ಇದೇ. ಬೇಕನ್ ಹುರಿಯುವ ಸದ್ದು ಬರಬೇಕು ಎಂದು ಇಲ್ಲಿನ ವೆಲ್ಡರುಗಳು ಹೇಳುತ್ತಾರೆ; ಒಗ್ಗರಣೆಗೆ ಸಾಸಿವೆ ಚಟಪಟ ಸಿಡಿದ ಹಾಗೆ ಎನ್ನುವುದು ನಮ್ಮ ಕಿವಿಗೆ ಹತ್ತಿರ. ಆ ಸದ್ದು ಒಂದೇ ಸಮ ಬರುತ್ತಿದ್ದರೆ ವೈರಿನ ವೇಗವೂ ಕರೆಂಟೂ ಹೊಂದಿವೆ ಎಂದರ್ಥ.

ಬೆಸೆದ ಮೇಲೆ ಟೇಪಿನ ಮೇಲೆ ಬರೆದ ಅಳತೆಗಳನ್ನು ಮತ್ತೆ ಹಿಡಿದು ನೋಡಿದೆ. ಬಾಗಿಲ ಸಂದು ಇದ್ದ ಹಾಗೇ ಇತ್ತು. ಗೆರೆಗಳನ್ನು ಹದವಾಗಿ ಗ್ರೈಂಡ್ ಮಾಡಿ, ಎಪಾಕ್ಸಿ ಪ್ರೈಮರ್, ಸೀಮ್ ಸೀಲರ್, ಕಲ್ಲೇಟು ತಡೆಯುವ ದಪ್ಪ ಲೇಪ, ಕೊನೆಗೆ ನೀಲಿ ಬಣ್ಣ. ಸಿಲ್‌ನ ತಳದಲ್ಲಿ ನೀರು ಇಳಿಯಲು ಕಂಪನಿಯವರು ಬಿಟ್ಟ ತೂತುಗಳನ್ನು ಯಾವ ಲೇಪದಿಂದಲೂ ಮುಚ್ಚಬಾರದು. ಬಣ್ಣ ಒಣಗಿದ ಮೇಲೆ, ಸುತ್ತಲೂ ಚಿಮ್ಮುವ ಮೂತಿಯ ಉದ್ದ ಕೊಳವೆಯಿಂದ ಎರಡೂ ಸಿಲ್‌ಗಳ ಒಳಗೆ ಮೇಣ ಹೊಡೆದೆ, ತಳದ ತೂತುಗಳಿಂದ ತೊಟ್ಟಿಕ್ಕುವವರೆಗೆ. ಗಟ್ಟಿ ಇದ್ದ ಬಲಗಡೆಗೆ ಎಡಕ್ಕಿಂತ ಒಂದು ಕೈ ಹೆಚ್ಚೇ ಹೊಡೆದೆ. ಉಳಿದಿರುವುದನ್ನು ಉಳಿಸಿಕೊಳ್ಳುವುದು ಬೆಸೆಯುವುದಕ್ಕಿಂತ ಸೋವಿ.

ಟೈಮಿಂಗ್ ಬೆಲ್ಟ್

ಕ್ರ್ಯಾಂಕಿನ ತಿರುಗಾಟವನ್ನು ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಗಳಿಗೆ ಮುಟ್ಟಿಸುವ ಈ ಬೆಲ್ಟನ್ನು 60,000 ಮೈಲಿಗೆ ಬದಲಿಸಬೇಕು. ಈ ಕಾರಿಗೆ ಕೊನೆಯ ಬಾರಿ ಯಾವಾಗ ಹಾಕಿದ್ದು ಎಂಬ ಕಾಗದ ಇರಲಿಲ್ಲ, ಅಂದರೆ ಹಾಕಿಲ್ಲ ಎಂದೇ ಲೆಕ್ಕ. ಸಮಾಧಾನದ ಸಂಗತಿ, ಈ 1.6 ಎಂಜಿನ್‌ನಲ್ಲಿ ಬೆಲ್ಟ್ ಕಡಿದರೂ ಪಿಸ್ಟನ್ ವಾಲ್ವಿಗೆ ಬಡಿಯುವುದಿಲ್ಲ. ನಡುರಸ್ತೆಯಲ್ಲಿ ನಿಲ್ಲುತ್ತೀರಿ, ಎಂಜಿನ್ ಉಳಿಯುತ್ತದೆ.

ವಾಟರ್ ಪಂಪ್ ಈ ಬೆಲ್ಟಿನಿಂದ ತಿರುಗುವುದಲ್ಲ, ಹೊರಗಿನ ಆಲ್ಟರ್ನೇಟರ್ ಬೆಲ್ಟಿನಿಂದ. ಆದರೂ ಅದನ್ನು ತೆಗೆಯಬೇಕಾದರೆ ಇಷ್ಟೆಲ್ಲ ಬಿಚ್ಚಲೇಬೇಕು. ಅದಕ್ಕೇ ಪಂಪ್, ಎರಡು ಕ್ಯಾಮ್ ಸೀಲ್, ಮುಂದಿನ ಕ್ರ್ಯಾಂಕ್ ಸೀಲ್, ಐಡ್ಲರ್, ಟೆನ್ಷನರ್ ಎಲ್ಲ ಒಟ್ಟಿಗೆ ತರಿಸಿದೆ. ಕೂಲೆಂಟ್ ಇಳಿಸಿ, ಎಂಜಿನ್ ಮುಂದೆ ಅಡ್ಡ ಹಾಯುವ ಗಾಳಿ ಪೈಪ್ ತೆಗೆದು, ಕ್ಯಾಮ್ ಕವರ್ ಎತ್ತಿದೆ. ಕ್ರ್ಯಾಂಕ್ ಬೋಲ್ಟಿಗೆ 21ರ ಸಾಕೆಟ್. ಐದನೇ ಗೇರಿಗೆ ಹಾಕಿ ಬ್ರೇಕ್ ಒತ್ತಿಸಿ, ಉದ್ದ ಬಾರ್‌ನಿಂದ ಎಳೆದರೆ ಟಕ್ ಎಂದು ಬಿಡುತ್ತದೆ.

ಹೊಸ ಬೆಲ್ಟ್ ಕೂರಿಸುವಾಗ ಕ್ಯಾಮ್ ಪುಲ್ಲಿಗಳ ಐ ಮತ್ತು ಇ ಗುರುತುಗಳು ಹಿಂದಿನ ತಟ್ಟೆಯ ಗುರುತಿಗೆ ನೇರ ಬರಬೇಕು. ಆ ಎರಡು ಗುರುತುಗಳ ನಡುವೆ ಬೆಲ್ಟಿನಲ್ಲಿ 19 ಹಲ್ಲು. ಕಣ್ಣಳತೆಯನ್ನು ನಂಬದೆ ಬಿಳಿ ಪೆನ್ನಿನಿಂದ ಎಣಿಸಿ ಗುರುತು ಹಾಕುವುದು ಒಳ್ಳೆಯದು. ಆಮೇಲೆ ಕ್ರ್ಯಾಂಕನ್ನು ಕೈಯಿಂದ ಒಂದು ಪೂರ್ತಿ ಸುತ್ತು ಮತ್ತು ಆರರಲ್ಲಿ ಐದು ಭಾಗ ತಿರುಗಿಸಿ, ಆಗ ಟೆನ್ಷನರಿನ ಬೋಲ್ಟ್ ಸಡಿಲಿಸಿದರೆ ಸ್ಪ್ರಿಂಗ್ ತಾನೇ ಬೇಕಾದಷ್ಟು ಬಿಗಿ ಎಳೆದುಕೊಳ್ಳುತ್ತದೆ. ಬೋಲ್ಟ್ ಬಿಗಿದು, ಮತ್ತೆ ಎರಡು ಸುತ್ತು ಮತ್ತು ಆರರಲ್ಲೊಂದು ಭಾಗ ತಿರುಗಿಸಿ ಎಲ್ಲ ಗುರುತೂ ಮರಳಿ ಕೂಡಿದವೇ ನೋಡಬೇಕು. ಕೂಡಿದವು. ಉದ್ದ ಮೂತಿಯ ಕ್ರ್ಯಾಂಕ್ ಬೋಲ್ಟಿಗೆ 157ರಿಂದ 167 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದೆ ಈ ಬೋಲ್ಟಿಗೆ ಕೈ ಹಾಕಬೇಡಿ.

ಹಿಂಬದಿಯಲ್ಲಿ ಗೇರ್ ಬಾಕ್ಸಿನ ಮುಂದಿನ ಗಂಟೆಯಾಕಾರದ ಕವಚದ ಮೇಲೆ ಆಯಿಲ್ ಇಳಿದಿತ್ತು. ಇದನ್ನು ಕಂಡು ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು ಎನ್ನುವವರುಂಟು. ಅದಕ್ಕೆ ಮೊದಲು ಎಂಜಿನ್ನಿನ ಹಿಂತಲೆಯಲ್ಲಿ, ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಕಡೆ ಕೂತಿರುವ ಕ್ಯಾಮ್ ಆಂಗಲ್ ಸೆನ್ಸರ್ ನೋಡಿ. ಅದರ ಓ-ರಿಂಗ್ ವರ್ಷಗಳ ಬಿಸಿಗೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ ಆಯಿಲ್ ಬಿಡುತ್ತದೆ. ಸೆನ್ಸರ್ ಕೂತ ಕೋನಕ್ಕೆ ಗೀರು ಹಾಕಿಕೊಂಡು, ಒಂದು 12ರ ಬೋಲ್ಟ್ ಬಿಚ್ಚಿ, ಹೊರಗೆಳೆದು, ಹೊಸ ರಿಂಗಿಗೆ ಆಯಿಲ್ ಸವರಿ ಕೂರಿಸಿದೆ. ಚಿಲ್ಲರೆ ಕಾಸಿನ ರಬ್ಬರು. ಆಮೇಲೆ ಬಾನೆಟ್ ಕೆಳಗಿನ ಡಯಾಗ್ನೋಸ್ಟಿಕ್ ಡಬ್ಬಿಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಪಿನ್‌ಗಳನ್ನು ತಂತಿಯಿಂದ ಕೂಡಿಸಿ, ಟೈಮಿಂಗ್ ಲೈಟಿನಲ್ಲಿ 10 ಡಿಗ್ರಿಗೆ ಹೊಂದಿಸಿದೆ. ತಣ್ಣಗಿನ ಎಂಜಿನ್ ಶುರುವಾದಾಗ ಮೇಲಿನಿಂದ ಟಿಕ್ ಟಿಕ್ ಕೇಳುತ್ತಿತ್ತು. ಅವು ಹೈಡ್ರಾಲಿಕ್ ಟ್ಯಾಪೆಟ್‌ಗಳು. ಹೊಸ ಆಯಿಲ್ ಹಾಕಿ ಓಡಿಸಿದ ಮೇಲೆ ತಾವಾಗಿ ಸುಮ್ಮನಾದವು.

ಕ್ಲಚ್, ಗೇರ್

ಕ್ಲಚ್ ಪೆಡಲ್ ನೆಲದ ಹತ್ತಿರ ಹೋದ ಮೇಲೆ ಹಿಡಿಯುತ್ತಿತ್ತು. ಪೆಡಲಿನ ಒತ್ತಡವನ್ನು ಕ್ಲಚ್‌ಗೆ ಮುಟ್ಟಿಸುವ, ಗೇರ್ ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿ ಹಿಂದೆ ಸರಿಸಿದರೆ ಕಪ್ಪು ಫ್ಲೂಯಿಡ್ ಸುರಿಯಿತು. ಈ ಕಾರುಗಳಲ್ಲಿ ಇದು ಮಾಮೂಲು. ಎರಡು ಬೋಲ್ಟು, ಒಂದು ಪೈಪು, ಹೊಸ ಸಿಲಿಂಡರ್. ಗಾಳಿ ತೆಗೆಯಲು ಮಾತ್ರ ಇನ್ನೊಬ್ಬರು ಬೇಕು. ಹೆಂಡತಿಯನ್ನು ಕರೆದೆ. ಕೆಳಗಿನಿಂದ ನಾನು, "ಒತ್ತಿ ಹಿಡ್ಕೊಳೇ!"

"ಹಿಡ್ಕೊಂಡಿದೀನಿ ರೀ."

ನಿಪ್ಪಲ್ ಸಡಿಲಿಸಿ, ಗುಳ್ಳೆ ಬಿಟ್ಟು, ಬಿಗಿದು, "ಬಿಡು ಈಗ."

"ಬಿಟ್ಟೆ. ಪೆಡಲ್ ಮೇಲೇ ಬರ್ತಿಲ್ವಲ್ಲ?"

"ಕಾಲಲ್ಲಿ ಎತ್ತು."

ಗುಳ್ಳೆ ನಿಂತು ತಿಳಿ ಫ್ಲೂಯಿಡ್ ಬರುವವರೆಗೆ ಇದೇ ಸಂಭಾಷಣೆ. "ಈಗ ಗಟ್ಟಿ ಆಯ್ತು ನೋಡ್ರೀ, ಅರ್ಧಕ್ಕೇ ಹಿಡೀತಿದೆ" ಎಂದು ಮೊದಲು ಹೇಳಿದವಳು ಅವಳೇ.

ಗೇರ್ ಲಿವರಿನ ಬುಡದಲ್ಲಿ ಗೇರ್ ಬಾಕ್ಸಿನ ಆಯಿಲ್‌ಗೆ ಸಂಬಂಧವಿಲ್ಲದ ಒಂದು ಸಣ್ಣ ಬಟ್ಟಲು ಇದೆ. ಎಷ್ಟೋ ಕಾರುಗಳಲ್ಲಿ ಅದನ್ನು ಹುಟ್ಟಿದಾಗಿನಿಂದ ಯಾರೂ ತೆರೆದಿರುವುದಿಲ್ಲ. ಕನ್ಸೋಲ್ ತೆಗೆದು, ಹರಿದ ರಬ್ಬರ್ ಬೂಟುಗಳನ್ನು ಬಿಚ್ಚಿ, ಸಿರಿಂಜಿನಿಂದ ಹಳೆಯ ಕೆಸರನ್ನು ಎಳೆದು, ಸುಮಾರು 80ರಿಂದ 90 ಮಿ.ಲೀ. 75ಡಬ್ಲ್ಯೂ-90 ಆಯಿಲ್ ಹಾಕಿದೆ. ಲಿವರಿನ ತುದಿಗೆ ಹೊಸ ನೈಲಾನ್ ಬುಷ್, ಹೊಸ ಬೂಟುಗಳು. ಈ ಕಾರಿನ ಗೇರನ್ನು ಜನ ಯಾಕೆ ಹೊಗಳುತ್ತಾರೆ ಎಂಬುದು ಇದಾದ ಮೇಲೆ ಕೈಗೆ ತಿಳಿಯುತ್ತದೆ. ಮಣಿಕಟ್ಟು ತಿರುಗಿಸಿದರೆ ಸಾಕು, ಗೇರ್ ಬಿದ್ದಿರುತ್ತದೆ. ಹರಿದ ಬೂಟಿನಿಂದ ಕ್ಯಾಬಿನ್ನಿಗೆ ಬರುತ್ತಿದ್ದ ಬಿಸಿ ಗಾಳಿಯೂ ನಿಂತಿತು.

ಇಟ್ಟುಕೊಳ್ಳುವುದು

ಕೆಲವು ವಿಷಯ ಹೊಸಬರಿಗೆ ಹೇಳಲೇಬೇಕು. ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಛಾವಣಿ ಮಡಚುವ ಮೊದಲು ಜಿಪ್ ಬಿಚ್ಚಿ ಕಿಟಕಿಯನ್ನು ಚಪ್ಪಟೆ ಮಲಗಿಸಬೇಕು, ಚಳಿಯಲ್ಲಿ ಹಾಗೇ ಮಡಚಿದರೆ ಸೀಳುತ್ತದೆ. ಮೇಲೆದ್ದು ಬರುವ ಹೆಡ್‌ಲೈಟಿನ ಮೋಟಾರು ಕೈಕೊಟ್ಟರೆ ಬಾನೆಟ್ ಕೆಳಗೆ ಮೋಟಾರಿನ ಮೇಲಿನ ರಬ್ಬರ್ ಟೊಪ್ಪಿ ತೆಗೆದು ಗುಂಡಿ ತಿರುವಿ ಎಬ್ಬಿಸಬಹುದು. ತೆರಿಗೆ ವಿಷಯದಲ್ಲಿ, 2001ರ ಮಾರ್ಚ್‌ಗೆ ಮೊದಲಿನ ಕಾರುಗಳಿಗೆ ಎಂಜಿನ್ ಸಿಸಿ ನೋಡಿ ಹಾಕುತ್ತಾರೆ, ಗಡಿ 1549 ಸಿಸಿ. ನಮ್ಮ 1597 ಹೆಚ್ಚಿನ ಕಡೆಗೆ ಬೀಳುತ್ತದೆ. ಇನ್ಶೂರೆನ್ಸ್ ಮಾಡಿಸುವಾಗ ಕಾರಿನ ಬೆಲೆಯನ್ನು ಮೊದಲೇ ಒಪ್ಪಿ ಬರೆಸಿಕೊಳ್ಳುವ ಕ್ಲಾಸಿಕ್ ಪಾಲಿಸಿ ತೆಗೆದುಕೊಳ್ಳಿ. ಇಲ್ಲದಿದ್ದರೆ ನಾಳೆ ಯಾರಾದರೂ ಗುದ್ದಿದರೆ ಹಳೆಯ ಗುಜರಿ ಲೆಕ್ಕದಲ್ಲಿ ಹಣ ಕೊಡುತ್ತಾರೆ, ನೀವು ಬೆಸೆದ ತಗಡಿಗೆ ಬೆಲೆ ಇರುವುದಿಲ್ಲ.

ಎಂಒಟಿ ಪಾಸಾಯಿತು. ಪರೀಕ್ಷಕ ಎಡ ಸಿಲ್‌ನ ಕೆಳಗೆ ಟಾರ್ಚ್ ಹಿಡಿದು ಬೆಸುಗೆಯ ಗೆರೆಯನ್ನು ತುದಿಯಿಂದ ತುದಿಗೆ ಬೆರಳಲ್ಲಿ ಸವರಿ ನೋಡಿದ, ಸಿಲ್ ಬಗ್ಗೆ ಏನೂ ಬರೆಯಲಿಲ್ಲ. ಒಂದೇ ಎಚ್ಚರಿಕೆ ಬಂದಿದ್ದು ಮುಂದಿನ ಕೆಳ ವಿಶ್‌ಬೋನಿನ ಬುಷ್ ಸವೆದಿರುವುದಕ್ಕೆ.

ಮುಂದಿನ ಕೆಲಸ ಅದೇ. ಆ ಬುಷ್‌ನೊಳಗೆ ಹಾಯುವ ಉದ್ದ ಬೋಲ್ಟ್‌ಗಳಿಂದಲೇ ಚಕ್ರದ ಅಲೈನ್‌ಮೆಂಟ್ ಮಾಡುವುದು, ಅವು ತುಕ್ಕಿನಿಂದ ಬುಷ್‌ನ ಉಕ್ಕಿನ ಒಳಕೊಳವೆಗೆ ಅಂಟಿಕೊಂಡಿವೆ. ಪಾನಾ ಹಾಕಿದರೆ ಬೋಲ್ಟಿನ ಜೊತೆ ಬುಷ್ ರಬ್ಬರೂ ತಿರುಚುತ್ತದೆ. ದಿನಾ ಸಂಜೆ ಎರಡೂ ಕಡೆ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಿದ್ದೇನೆ. ಬಂದರೆ ಸರಿ, ಬರದಿದ್ದರೆ ವಿಶ್‌ಬೋನ್ ಮತ್ತು ಸಬ್‌ಫ್ರೇಮ್ ನಡುವಿನ ಸಂದಿಯಲ್ಲಿ ಗರಗಸ ತೂರಿಸಿ ಕತ್ತರಿಸುವುದು. ಹೊಸ ಬೋಲ್ಟ್, ಬುಷ್‌ಗಳನ್ನು ಈಗಾಗಲೇ ತರಿಸಿ ಇಟ್ಟಿದ್ದೇನೆ. ಕೂರಿಸುವಾಗ ಬೋಲ್ಟಿನ ಉದ್ದಕ್ಕೂ ಕಾಪರ್ ಗ್ರೀಸ್ ಬಳಿಯುತ್ತೇನೆ, ಮುಂದೆ ಬಿಚ್ಚುವವರಿಗೆ ಗರಗಸ ಬೇಕಾಗಬಾರದು.